ಆಶೂರಾ ಕಳೆದ ಮೇಲೆ ಹೋರಿ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್, ದುಬೈ
ಜೂನ್ 14, ಭಾನುವಾರ

ಪ್ರೀತಿಯ ಬಾಪನಿಗೆ ನಿಮ್ಮ ರುಬೀನಳ ಸಲಾಂ.

ಮೊಣಕಾಲು ಹೇಗಿದೆ? ಮಳೆ ಹಿಡಿದ ಮೇಲೆ ನೋವು ಜಾಸ್ತಿಯಾಗಿರಬೇಕು. ಸಕ್ಕರೆಯ ಮಾತ್ರೆ ನುಂಗದೆ ಬನಿಯನಿನ ಜೇಬಿಗೆ ಹಾಕಿಕೊಂಡು "ತೆಗೊಂಡೆ, ತೆಗೊಂಡೆ" ಅನ್ನುತ್ತೀರಂತೆ. ಬಟ್ಟೆ ಒಗೆಯುವಾಗ ಅದು ಕರಗಿ ಜೇಬೆಲ್ಲ ಬೆಳ್ಳಗಾಗಿರುತ್ತದೆ ಎಂದು ಉಮ್ಮ ನನ್ನ ಹತ್ತಿರ ದೂರು ಕೊಟ್ಟಿದ್ದಾರೆ. ಈ ವಯಸ್ಸಿನಲ್ಲಿ ನಿಮ್ಮನ್ನು ಗದರಿಸುವ ಕೆಲಸ ನನ್ನ ಪಾಲಿಗೆ ಬಂತಲ್ಲ! ಕಣ್ಣಿನ ಆಪರೇಷನ್ ಆದ ಮೇಲೆ ಪೇಪರ್ ಓದಲು ಆಗುತ್ತಿದೆಯಾ? ಆಗಲಿ ಎಂದೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಯಾರ ಕೈಗೂ ಕೊಟ್ಟು ಓದಿಸಬೇಡಿ. ಅಣ್ಣನ ಕೈಗಂತೂ ಬೇಡವೇ ಬೇಡ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನಿಸುತ್ತದೆ. ಆದರೆ ಕೃಷ್ಣಾಪುರದ ಮನೆಯಲ್ಲಿ ನಿಮ್ಮ ಫೋನ್ ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ. ನಾನು ಮಾತಾಡಿದರೆ ಅತ್ತಿಗೆ ಕೇಳುತ್ತಾರೆ, ಮಕ್ಕಳು ಕೇಳುತ್ತಾರೆ, ಮೀನು ಮಾರುವವನು ಗೇಟಿನಲ್ಲಿ ನಿಂತಿದ್ದರೆ ಅವನೂ ಕೇಳುತ್ತಾನೆ. ನೀವಾದರೋ ಮರುಭೂಮಿಯ ಆಚೆ ಇರುವವನನ್ನು ಕೂಗಿದ ಹಾಗೆ "ಎಲ್ಲಾ ಖೈರ್ ಮಗಳೇ, ಇಡ್ತೇನೆ" ಎಂದು ಇಟ್ಟೇಬಿಡುತ್ತೀರಿ. ಈ ಮಾತು ಹಾಗೆ ಆಡುವಂಥದ್ದಲ್ಲ. ನಮ್ಮ ಬಿಲ್ಡಿಂಗಿನ ರುಖಿಯಾ ರಜೆಗೆ ಮಂಗಳೂರಿಗೆ ಹೊರಟಿದ್ದಾಳೆ. "ಕಾಗದ ಆದ್ರೆ ಕೊಡು, ಹಾಲಿನ ಪುಡಿ ಟಿನ್ ಆದ್ರೆ ಮಾಫಿ, ನನ್ನ ಬ್ಯಾಗಿನಲ್ಲಿ ಒಂದು ಲವಂಗಕ್ಕೂ ಜಾಗ ಇಲ್ಲ" ಅಂದಳು. ಅವಳ ಗಂಡ ಇದನ್ನು ನಿಮ್ಮ ಕೈಗೇ ತಂದುಕೊಡುತ್ತಾನೆ.

ಶೈಮಾ ಚೆನ್ನಾಗಿದ್ದಾಳೆ. ಹಾಗೆಂದು ಎಲ್ಲರೂ ಹೇಳುತ್ತಾರೆ. ಕ್ಲಿನಿಕ್ಕಿನ ನರ್ಸ್ ತೂಕ ನೋಡಿ ಚಾರ್ಟಿನ ಮೇಲೆ ಚುಕ್ಕೆ ಇಟ್ಟು "ನಾರ್ಮಲ್, ಮಮ್ಮಾ, ನಾರ್ಮಲ್" ಅನ್ನುತ್ತಾಳೆ. ಆದರೆ ಚುಕ್ಕೆಗಳನ್ನು ಸೇರಿಸುವ ಗೆರೆ ಮೊದಲಿನ ಹಾಗೆ ಮೇಲಕ್ಕೆ ಹೋಗದೆ ಸ್ವಲ್ಪ ಮಲಗಿದೆ ಬಾಪ. ಅದು ನನಗೆ ಮಾತ್ರ ಕಾಣುವುದಾ ಗೊತ್ತಿಲ್ಲ. ನಿದ್ದೆ ಇಲ್ಲದವರಿಗೆ ಇಲ್ಲದ್ದೆಲ್ಲ ಕಾಣುತ್ತದಂತೆ. ಅವಳು ಮಲಗಿದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಆ ಬೆರಳಿನಿಂದಲೇ ಅವಳಿಗೆ ಎಚ್ಚರವಾಗಿ ಮತ್ತೆ ಅಳುತ್ತಾಳೆ. ನಿಮ್ಮ ಅಳಿಯ ತಮೀಮ್ ರಮಳಾನಿನ ಹಬ್ಬ ಮುಗಿಸಿ ಕರು ಹಾಕುವ ಕಾಲವೆಂದು ಅಲ್ ಐನ್ ಕಡೆಯ ಮಜ್ರಾಕ್ಕೆ, ಆ ದನದ ಫಾರ್ಮಿಗೆ, ಹೋದವರು ಬಕ್ರೀದಿಗೂ ಅರ್ಧ ದಿನ ಬಂದು ತಿರುಗಿ ಹೋದರು. ನೀವು ಅಲ್ಲಿ ದುಡಿಯುತ್ತಿದ್ದಾಗಲೂ ಉಮ್ಮನಿಗೆ ಹೀಗೇ ಇತ್ತಲ್ಲ, ಆದರೆ ಅವರಿಗೆ ಊರಿತ್ತು, ನೆರೆಮನೆಯ ಅಕ್ಕಂದಿರಿದ್ದರು, ಜಗಳಕ್ಕೆ ಅಜ್ಜಿಯಾದರೂ ಇದ್ದರು. ಇಲ್ಲಿ ಕಿಟಕಿಯಾಚೆ ಗೋದಾಮು, ಗೋದಾಮಿನಾಚೆ ಗೋದಾಮು, ಹಿಂದಕ್ಕೆ ಬರುವ ಲಾರಿಗಳ ಪೀಂ ಪೀಂ. ಎಷ್ಟೋ ದಿನ ನಾನು ಕೇಳುವ ದೊಡ್ಡವರ ದನಿಯೆಂದರೆ ಲಿಫ್ಟಿನೊಳಗೆ ಮಹಡಿಯ ನಂಬರು ಹೇಳುವ ಆ ಹೆಂಗಸಿನದು ಮಾತ್ರ. ಕಸ ಹಾಕುವ ನೆಪದಲ್ಲಿ ಸುಮ್ಮನೆ ಕೆಳಗೆ ಹೋಗಿ ಮೇಲೆ ಬರುತ್ತೇನೆ. ಶೈಮಾಳ ಹತ್ತಿರ ಬ್ಯಾರಿಯಲ್ಲಿ ಎಲ್ಲ ಹೇಳುತ್ತೇನೆ, ಅವಳು ಕಾಲ ಹೆಬ್ಬೆರಳು ಬಾಯಿಗೆ ಹಾಕಿಕೊಂಡು ಕೇಳುತ್ತಾಳೆ. ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ.

ಇನ್ನು ವಿಷಯಕ್ಕೆ ಬರುತ್ತೇನೆ. ಬಕ್ರೀದಿಗೆ ಈ ಸಲ ಮಜ್ರಾದಿಂದ ಹೋದ ದನಗಳು ಬಹಳ ಕಡಿಮೆ ಬಾಪ, ಹೋದವೂ ಸಣ್ಣಗಿದ್ದವು. ವಯಸ್ಸು ಎರಡು ವರ್ಷ ತುಂಬಿತ್ತು, ಮೈ ತುಂಬಿರಲಿಲ್ಲ. ಮಜ್ರಾದ ಧಣಿ, ನಮ್ಮ ಅರ್ಬಾಬ್, ತನ್ನ ಮನೆಯ ಕುರ್ಬಾನಿಗೇ ಹೊರಗಿನಿಂದ ದನ ತರಿಸಬೇಕಾಯಿತಂತೆ. ಈ ವರ್ಷ ಹುಟ್ಟಿದ ಕರುಗಳೂ ಅಷ್ಟಕ್ಕಷ್ಟೆ, ಅರ್ಧದಷ್ಟು ಹಸುಗಳು ಗಬ್ಬವೇ ನಿಂತಿರಲಿಲ್ಲ. ಹಬ್ಬದ ಮೂರನೇ ದಿನ ಅರ್ಬಾಬ್ ಕೊಟ್ಟಿಗೆಗೆ ಬಂದು, ಬೇಲಿಯ ಮೇಲೆ ಕೈಯಿಟ್ಟು ನಿಂತು ನೋಡಿ, "ಇನ್ನೊಂದು ವರ್ಷ ಹೀಗೇ ಆದರೆ ಖಲಾಸ್. ದನ ಎಲ್ಲ ಮಾರಿ ಕುರಿ ತರುತ್ತೇನೆ" ಅಂದಿದ್ದಾರೆ. ಕುರಿ ನೋಡಲು ಬೇರೆ ಜನ ಇದ್ದಾರೆ. ತಮೀಮಿನ ವೀಸಾ ಆ ದನಗಳ ಮೇಲೆ ನಿಂತಿದೆ, ನಮ್ಮ ಮೂವರ ಈ ರೂಮೂ ಅದರ ಮೇಲೆಯೇ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಮರಳು ಗುಡಿಸಿ ನೀವು ಕಟ್ಟಿದ ಮಂದೆ ಅದು. ಮೊದಲ ಕೆಂಪು ಹಸುಗಳನ್ನು ಹಡಗಿನಿಂದ ಇಳಿಸಿ ತಂದ ದಿನ ನೀವು ಫೋನಿನಲ್ಲಿ ಅತ್ತದ್ದನ್ನು ಉಮ್ಮ ಈಗಲೂ ಹೇಳುತ್ತಾರೆ. ನೀವು ಅತ್ತದ್ದು ಅದೊಂದೇ ಸಲವಂತೆ. ನನ್ನ ನಿಖಾಹದಲ್ಲೂ ಅಳಲಿಲ್ಲ ಎಂದು ಅವರಿಗೆ ಇನ್ನೂ ಸಿಟ್ಟು!

ಕಳೆದ ವಾರ ಪಕ್ಕದ ರೂಮಿನ ಜೋಸ್ಫಿನ್ ಬಂದಿದ್ದಳು. ಶಿರ್ವದವಳು, ಕೆಳಗಿನ ಮೇವಿನ ಗೋದಾಮಿನ ಆಫೀಸಿನಲ್ಲಿ ಕೆಲಸ. ಪೋರ್ಕ್ ಮಾಡಿದ ಪಾತ್ರೆಯಲ್ಲ, ಹೊಸ ಪಾತ್ರೆ ಎಂದು ನನಗೆ ಆಣೆ ಮಾಡಿ ಸಾರು ಕೊಡುವವಳು. ನನ್ನ ತಟ್ಟೆ ನೋಡಿ, "ಎಂತ ಮಾರಾಯ್ತಿ, ಹಕ್ಕಿಗಿಟ್ಟ ಹಾಗೆ ಅನ್ನ ಹಾಕಿಕೊಂಡಿದ್ದೀ? ನೀನು ತಿನ್ನದಿದ್ರೆ ಆ ಮಗುವಿಗೆ ಹಾಲು ಪೈಪಿನಲ್ಲಿ ಬರ್ತದಾ?" ಎಂದು ಬೈದಳು. ಏಸಿ ಕೆಟ್ಟು ಎರಡು ದಿನವಾಗಿತ್ತು, ಸೆಕೆಗೆ ಊಟವೇ ಸೇರುತ್ತಿರಲಿಲ್ಲ. ಅವಳು ಬೈಯುತ್ತಿರುವಾಗ ನನಗೆ ಮಜ್ರಾದ ಹಸುಗಳು ನೆನಪಾದವು. ಮೇ ತಿಂಗಳ ಬಿಸಿಲಿಗೆ ಬಾಣಂತಿ ಹಸು ಮೇವು ಮುಟ್ಟದೆ ನೀರಿನ ತೊಟ್ಟಿಯ ಹತ್ತಿರವೇ ನಿಂತಿರುತ್ತದೆ ಎಂದು ತಮೀಮ್ ಹೇಳಿದ್ದರು. ತಿನ್ನದ ತಾಯಿಗೆ ಹಾಲೆಲ್ಲಿ? ಹಾಲಿಲ್ಲದ ಕರುವಿಗೆ ಮೈಯೆಲ್ಲಿ? ಅದೇ ಸೊರಗಿದ ತಾಯಿ ಜುಲೈಯ ಉರಿಯಲ್ಲಿ ಮತ್ತೆ ಬೆದೆಗೆ ಬರಬೇಕು ಎಂದರೆ ಹೇಗೆ ಬಂದೀತು? ನಾಲ್ಕು ತಿಂಗಳ ಬಾಣಂತಿಯಾದ ನನಗೆ, ಊರಿನಿಂದ ಅತ್ತೆ "ಇನ್ನೊಂದು ಯಾವಾಗ?" ಎಂದು ಕೇಳಿದಾಗ ಬಂದ ಅಳುವನ್ನು ನೆನೆದರೆ, ಆ ಹಸುಗಳ ಮೇಲೆ ತಪ್ಪು ಹೊರಿಸಲು ನನ್ನಿಂದಾಗುವುದಿಲ್ಲ.

ಹಾಗಾದರೆ ಅವು ಮೊದಲು ಹೇಗೆ ಗಬ್ಬ ನಿಲ್ಲುತ್ತಿದ್ದವು? ನಿಮ್ಮ ಕಾಲದಲ್ಲಿ ಕೊಟ್ಟಿಗೆ ತುಂಬ ಕರುಗಳಿದ್ದವಲ್ಲ! ನಾನು ಮೂರನೇ ಕ್ಲಾಸಿನಲ್ಲಿರುವಾಗ ನೀವು ಉಮ್ಮನನ್ನೂ ನನ್ನನ್ನೂ ವಿಸಿಟ್ ವೀಸಾದಲ್ಲಿ ಕರೆಸಿದ್ದು ನೆನಪಿದೆಯಾ? ರಮಳಾನಿನ ಹಬ್ಬ ಮುಗಿದು ಒಂದು ತಿಂಗಳಾಗಿತ್ತು. ಮಜ್ರಾದ ಗೇಟಿನ ಹತ್ತಿರ ತೆಗೆದ ಒಂದು ಫೋಟೋ ಉಂಟು, ನಾನು ಹೊಸ ಕರುವಿನ ಕುತ್ತಿಗೆ ಅಪ್ಪಿ ಕೂತಿದ್ದೇನೆ, ಮೈಮೇಲೆ ಉಮ್ಮನ ಶಾಲು, ತಲೆಗೆ ನಿಮ್ಮ ಉಣ್ಣೆಯ ಟೊಪ್ಪಿ. ಶೈಮಾಳಿಗೆ ಅದನ್ನು ತೋರಿಸಿ "ನೋಡು, ನಿನ್ನ ಉಮ್ಮ ಚಳಿಗೆ ಕೋತಿಯ ಹಾಗೆ ಕೂತಿದ್ದಾಳೆ" ಎಂದು ಆಡಿಸುತ್ತಿದ್ದೆ. ಅಷ್ಟರಲ್ಲಿ ತಮೀಮ್ ವಿಡಿಯೋ ಕಳಿಸಿದರು. ಈ ವರ್ಷದ ಕರು, ನಾಲಿಗೆ ಹೊರಗೆ ಹಾಕಿ ಫ್ಯಾನಿನ ಕೆಳಗೆ ಏದುಸಿರು ಬಿಡುತ್ತಿತ್ತು. ಅದೂ ರಮಳಾನಿನ ಹಬ್ಬ ಕಳೆದು ಹುಟ್ಟಿದ ಕರು, ಇದೂ ರಮಳಾನಿನ ಹಬ್ಬ ಕಳೆದು ಹುಟ್ಟಿದ ಕರು. ಒಂದರ ಪಕ್ಕ ಶಾಲು ಹೊದ್ದ ಹುಡುಗಿ, ಇನ್ನೊಂದರ ಪಕ್ಕ ಬೆವರಿ ಅಂಗಿ ಬಿಚ್ಚಿದ ನನ್ನ ಗಂಡ. ನಾನು ಮಗುವನ್ನು ಎತ್ತಿಕೊಂಡು ರೂಮಿನೊಳಗೇ ಓಡಾಡಿದೆ, ಕೂರಲು ಆಗಲಿಲ್ಲ.

ಬಾಪ, ಸಿಟ್ಟಾಗದೆ ಓದಿ. ಅರ್ಬಾಬನ ತಂದೆಯವರು ಬದುಕಿದ್ದಾಗ, ಬಕ್ರೀದಿಗೆ ಸ್ವಂತ ಕೊಟ್ಟಿಗೆಯದೇ ದನ ಬೇಕು, ಎರಡು ವರ್ಷ ತುಂಬಿರಬೇಕು, ಒಂದು ದಿನವೂ ಸಂಶಯ ಇರಬಾರದು ಅಂದಿದ್ದರಂತೆ. ನೀವು ಕೂತು ಲೆಕ್ಕ ಹಾಕಿದಿರಿ. ಬಕ್ರೀದಿಗೆ ಎರಡು ವರ್ಷ ತುಂಬಬೇಕಾದರೆ ಕರು ರಮಳಾನ್, ಬಕ್ರೀದ್ ಎರಡು ಹಬ್ಬಗಳ ನಡುವೆ ಹುಟ್ಟಬೇಕು, ಹಸು ಒಂಬತ್ತೂವರೆ ತಿಂಗಳು ಹೊರುತ್ತದೆ, ಹಿಂದಕ್ಕೆ ಎಣಿಸಿದರೆ ಮುಹರ್ರಂ ಹತ್ತರ ಆಶೂರಾ. ಆಶೂರಾದ ಉಪವಾಸ ಬಿಟ್ಟ ಮರುದಿನ ಹೋರಿ ಬಿಡುವುದು. ಎಷ್ಟು ಚಂದದ ಲೆಕ್ಕ! ಆ ಶುರುವಿನ ವರ್ಷಗಳಲ್ಲಿ ಆಶೂರಾ ಜನವರಿಯಲ್ಲಿ ಬರುತ್ತಿತ್ತು. ಚಳಿಯಲ್ಲಿ ಹೋರಿ ಬಿಟ್ಟರೆ ಚಳಿ ಶುರುವಾಗುವಾಗ ಕರು, ತಾಯಿಗೆ ಹಸಿವು, ಕರುವಿಗೆ ಹಾಲು, ಬೇಸಿಗೆ ಬರುವಷ್ಟರಲ್ಲಿ ಕರುವಿನ ಕಾಲು ಗಟ್ಟಿ. ಆದರೆ ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ವರ್ಷ ವರ್ಷ ಆಶೂರಾ ಜನವರಿಯಿಂದ ಡಿಸೆಂಬರಿಗೆ, ನವೆಂಬರಿಗೆ, ಹಾಗೇ ಹಿಂದೆ ಜಾರುತ್ತಾ ಈಗ ಜೂನಿಗೆ ಬಂದು ಕೂತಿದೆ. ಅದರ ಬೆನ್ನಿಗೆ ಹೋರಿಯೂ ಬಂತು, ಕರುವೂ ಬಂತು. ನಮಗೆ ಅದು ಗೊತ್ತಾಗಲೇ ಇಲ್ಲ, ಯಾಕೆಂದರೆ ನಮ್ಮ ಬಾಯಲ್ಲಿ ಅದು ಯಾವಾಗಲೂ "ಹಬ್ಬ ಕಳೆದು ಕರು" ಅಂತಲೇ ಇತ್ತು. ನೀವು ಹೋರಿ ಬದಲಿಸಿದಿರಿ, ಮೇವು ಬದಲಿಸಿದಿರಿ, ಫ್ಯಾನ್ ಹಾಕಿಸಿದಿರಿ, ತುಂತುರು ನೀರಿನ ಪೈಪು ಹಾಕಿಸಿದಿರಿ. ತಿಂಗಳನ್ನು ಮಾತ್ರ ಯಾರೂ ಸಂಶಯಪಡಲಿಲ್ಲ. ಅದಲ್ಲದೆ, ಕರು ಹಾಕಿದ ಹಸು ಸುಧಾರಿಸಿಕೊಂಡು ಮತ್ತೆ ಬೆದೆಗೆ ಬರಲು ಎರಡು ಮೂರು ತಿಂಗಳು ಬೇಕು. ಅದರ ವರ್ಷ ಸೂರ್ಯನ ವರ್ಷ. ನಾವು ಪ್ರತಿ ವರ್ಷ ಅದಕ್ಕೆ ಹನ್ನೊಂದು ದಿನ ಬೇಗ ಬಾ, ಬೇಗ ಬಾ ಅನ್ನುತ್ತಿದ್ದೆವು. ಬರಲಾಗದವುಗಳಿಗೆ ಬಂಜೆ ಎಂದು ಹೆಸರಿಟ್ಟು ಲಾರಿಗೆ ಹತ್ತಿಸಿದೆವು. ಉಪವಾಸಕ್ಕೆ, ಹಜ್ಜಿಗೆ, ಹಬ್ಬಕ್ಕೆ ಅಲ್ಲಾಹನು ಚಂದ್ರನನ್ನು ಕೊಟ್ಟಿದ್ದಾನೆ, ಅದರ ಮೇಲೆ ನನ್ನ ಮಾತಿಲ್ಲ. ಬಿಸಿಲನ್ನೂ ಚಳಿಯನ್ನೂ ಕೊಟ್ಟದ್ದೂ ಅವನೇ ಅಲ್ಲವಾ?

ಇದನ್ನು ತಮೀಮಿಗೆ ಹೇಳಿದಾಗ ಒಳ್ಳೆಯ ಜಗಳವೇ ಆಯಿತು. ಮಜ್ರಾದಲ್ಲಿ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುವುದು ನಿಮಗೆ ಗೊತ್ತಲ್ಲ, ಅಲ್ಲಿ ನಿಂತು ಮಾತಾಡುವಾಗ ಹಿಂದೆ ಹಸುಗಳ ಕೂಗು. "ಬಿ.ಎಸ್ಸಿ. ಓದಿದ್ದು ಕಪ್ಪೆ ಕೊಯ್ಯಲಿಕ್ಕೆ, ಬಾಪನ ಲೆಕ್ಕ ಕೊಯ್ಯಲಿಕ್ಕಲ್ಲ" ಅಂದರು. "ಬಾಪ ಆ ದನಗಳ ಜೊತೆ ಮಲಗಿ ಎದ್ದವರು. ಏಸಿ ರೂಮಿನಲ್ಲಿ ಕೂತು ನಿನಗೆ ಗೊತ್ತಾಯ್ತಾ?" ಅಂದರು. ಏಸಿ ಕೆಟ್ಟಿದೆ ಎಂದು ಹೇಳಿದೆ, ನಗಲಿಲ್ಲ. ನಾನು ಆ ಹಳೆಯ ಫೋಟೋವನ್ನು ಕಳಿಸಿದೆ. ಬೇರೇನೂ ಬರೆಯಲಿಲ್ಲ. ಮರುದಿನ ಮಾತಾಡಿದಾಗ ದನಿ ಸಣ್ಣಗಾಗಿತ್ತು. "ಟೊಪ್ಪಿ ಹಾಕಿದ್ದೀಯಲ್ಲ ರುಬೀನ" ಅಂದರು, ಅಷ್ಟೆ. ಅವರಿಗೆ ನೀವೆಂದರೆ ಏನೆಂದು ನಿಮಗೆ ಗೊತ್ತಿದೆ. ತಂದೆಯ ಮುಖ ನೋಡದೆ ಬೆಳೆದವರು. ನೀವು ಅವರಿಗೆ ಮಗಳನ್ನು ಕೊಟ್ಟಿರಿ, ಮೂರು ವರ್ಷದ ಹಿಂದೆ ಊರಿಗೆ ಬರುವಾಗ ನಿಮ್ಮ ಕೋಲು, ನಿಮ್ಮ ಮಂಚ, ನಿಮ್ಮ ಕೆಲಸ ಎಲ್ಲ ಅವರ ಕೈಗೇ ಕೊಟ್ಟು ಬಂದಿರಿ. ಆ ಕೋಲನ್ನು ಇವತ್ತಿಗೂ ದನಕ್ಕೆ ಮುಟ್ಟಿಸುವುದಿಲ್ಲ, ಬಾಗಿಲ ಹಿಂದೆ ನಿಲ್ಲಿಸಿದ್ದಾರೆ.

ಇನ್ನೆರಡು ದಿನದಲ್ಲಿ ಹೊಸ ಹಿಜರಿ ವರ್ಷ, ಅದರ ಹತ್ತನೆಯ ದಿನಕ್ಕೆ ಆಶೂರಾ. ಹೋರಿಗಳನ್ನು ಆಗ ಬಿಡದೆ ಜನವರಿಯ ಕೊನೆಯವರೆಗೆ ಬೇರೆ ಕಟ್ಟಿದರೆ ಆ ವರ್ಷದ ಕರುಗಳು ನವೆಂಬರಿನ ತಂಪಿಗೆ ಹುಟ್ಟುತ್ತವೆ, ಬಕ್ರೀದಿನ ಹೊತ್ತಿಗೆ ಎರಡು ವರ್ಷ ತುಂಬಿ ಮೇಲೂ ಕೆಲವು ತಿಂಗಳಾಗಿರುತ್ತದೆ. ಆದರೆ ಮುಂದಿನ ವರ್ಷ ರಮಳಾನಿನ ಹಬ್ಬ ಕಳೆದು ಅರ್ಬಾಬ್ ಎಣಿಸಲು ಬಂದಾಗ ಕೊಟ್ಟಿಗೆಯಲ್ಲಿ ಒಂದು ಕರುವೂ ಇರುವುದಿಲ್ಲ. ಮುಂದೆ ಒಂದು ಬಕ್ರೀದಿಗೆ ನಮ್ಮಲ್ಲಿಂದ ದನವೇ ಹೋಗುವುದಿಲ್ಲ. ಮೊದಲೇ ಸಿಟ್ಟಿನಲ್ಲಿರುವ ಮನುಷ್ಯನಿಗೆ ಖಾಲಿ ಕೊಟ್ಟಿಗೆ ತೋರಿಸಿ "ತಾಳಿ" ಅನ್ನಬೇಕು. ಏನೂ ಮಾಡದೆ ಕೂತರೂ ಇನ್ನು ಹನ್ನೆರಡು ಹದಿಮೂರು ವರ್ಷಕ್ಕೆ ಆಶೂರಾ ತಾನಾಗಿಯೇ ಚಳಿಗೆ ತಿರುಗಿ ಬರುತ್ತದೆ, ನಿಮ್ಮ ಲೆಕ್ಕ ಮತ್ತೆ ಸರಿಯಾಗುತ್ತದೆ. ಅಲ್ಲಿಯವರೆಗೆ ದನ ಇರಬೇಕಲ್ಲ. ನನ್ನ ತಲೆಯಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಹೇಳಿ ಬಾಪ. ನಿದ್ದೆಗೆಟ್ಟ ಹೆಣ್ಣಿನ ಹುಚ್ಚು ಅಂದರೂ ಸರಿ, ನನಗೆ ಬೇಸರವಿಲ್ಲ. ಆ ಶಾಲು ಹೊದ್ದ ದಿನ ಕರು ನನ್ನ ಕೈಯನ್ನು ಚೀಪಿದಾಗ ನಾನು ಕಿರುಚಿದೆ, ನೀವು ನಕ್ಕು, "ಹೆದರಬೇಡ, ಅದಕ್ಕೆ ಹಲ್ಲಿಗಿಂತ ಹಸಿವು ಜಾಸ್ತಿ" ಅಂದಿರಿ. ನನಗೆ ದನ ಗೊತ್ತಿರುವುದೆಲ್ಲ ನಿಮ್ಮಿಂದಲೇ.

ಶೈಮಾ ಏಳುತ್ತಿದ್ದಾಳೆ, ನಿಲ್ಲಿಸುತ್ತೇನೆ. ಉಮ್ಮನಿಗೆ ನನ್ನ ಸಲಾಂ ಹೇಳಿ, ಸಾರಿನ ಪುಡಿ ಮುಗಿಯಿತು ಎಂದೂ ಹೇಳಿ. ಅಣ್ಣನಿಗೆ, ಅತ್ತಿಗೆಗೆ ಸಲಾಂ, ಮಕ್ಕಳಿಗೆ ಮುತ್ತು. ನಿಮ್ಮ ಐದು ಹೊತ್ತಿನ ದುಆದಲ್ಲಿ ಶೈಮಾಳ ಹೆಸರಿರಲಿ, ಅವಳ ಹೆಸರಿನ ಹಿಂದೆ ಜಾಗ ಉಳಿದರೆ ನನ್ನದೂ ಇರಲಿ. ಮಾತ್ರೆ ನುಂಗಿ. ಹುಟ್ಟಿಸಿದ ಅಲ್ಲಾಹನು ನಿಮ್ಮನ್ನು ನಮ್ಮ ತಲೆಯ ಮೇಲೆ ನೆರಳಾಗಿ ಇಟ್ಟಿರಲಿ.

ನಿಮ್ಮ ಮಗಳು
ರುಬೀನ

ತಾ.ಕ.: ರುಖಿಯಾಳ ಟ್ಯಾಕ್ಸಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಇದನ್ನು ಮೇಲೆಯೇ ಬರೆಯಲು ಮತ್ತೆ ಮತ್ತೆ ಪೆನ್ನು ಎತ್ತಿದೆ, ಆಗಲಿಲ್ಲ. ತಮೀಮ್ ಒಪ್ಪಿದ್ದಾರೆ ಬಾಪ. ಹೋರಿಗಳನ್ನು ನಿನ್ನೆಯೇ ಆಚೆ ದೊಡ್ಡಿಗೆ ಸಾಗಿಸಿದ್ದಾರೆ. ಅರ್ಬಾಬ್ ಈ ಶುಕ್ರವಾರ ಜುಮಾ ಮುಗಿಸಿ ಮಜ್ರಾಕ್ಕೆ ಬರುತ್ತಾರೆ. ಆಗ ತಮೀಮ್ ಅವರಿಗೆ ಹೇಳಲು ಹೊರಟಿರುವುದು, ಆಶೂರಾದ ಲೆಕ್ಕ ತನ್ನದು, ಬಂದ ಮೇಲೆ ತಾನೇ ಮಾಡಿದ್ದು, ತಪ್ಪು ತನ್ನದೇ ಎಂದು. "ಆ ಕೊಟ್ಟಿಗೆಯಲ್ಲಿ ಬಾಪನ ಹೆಸರಿಗೆ ಮಣ್ಣು ಹತ್ತಬಾರದು, ನೀನು ಬಾಪನಿಗೆ ಹೇಳಿದ್ರೆ ನನ್ನ ಮೇಲೆ ಆಣೆ" ಅಂದಿದ್ದಾರೆ. ತಮೀಮಿನ ಬಾಯಿಂದ ಕೇಳಿದರೆ ಅರ್ಬಾಬ್ ಅವತ್ತೇ ಅವರನ್ನು ಊರಿಗೆ ಕಳಿಸಿಬಿಡುತ್ತಾರೆ. ಲೆಕ್ಕ ನಿಮ್ಮದು, ಯಾಕೆ ಹಾಕಿದ್ದು, ಯಾಕೆ ಬದಲಿಸಬೇಕು ಎಂದು ನಿಮ್ಮ ಬಾಯಿಂದ ಬಂದರೆ ಒಂದು ವರ್ಷ ಕಾಯುತ್ತಾರೆ, ನಿಮ್ಮ ಮಾತಿಗೆ ಅವರು ಇಲ್ಲ ಅಂದದ್ದಿಲ್ಲ. ತಮೀಮಿಗೆ ಕಾಲ್ ಮಾಡಬೇಡಿ, ನಾನು ಬರೆದದ್ದು ಗೊತ್ತಾಗುತ್ತದೆ. ಅರ್ಬಾಬನಿಗೇ ಮಾಡಿ ಬಾಪ, ಶುಕ್ರವಾರ ಜುಮಾಕ್ಕೆ ಮೊದಲು.